ಬಿಸಿ ಮರಳು ತುಂಬಿದ ಪೈಪು

ಹೊಳೆಯುವ ಪೈಪನ್ನು ಗೀರು ಬೀಳದಂತೆ, ನೆಗ್ಗದಂತೆ ಬಗ್ಗಿಸಬೇಕೆಂದರೆ ಜನ್ನಾಪುರದ ಚಂದ್ರಹಾಸನನ್ನೇ ಕರೆಸಬೇಕು ಎಂಬ ಮಾತು ಶಿವಮೊಗ್ಗದ ಹಾರ್ಡ್‌ವೇರ್ ಅಂಗಡಿಗಳಲ್ಲಿತ್ತು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕಂಟ್ರಾಕ್ಟ್ ಕೆಲಸಕ್ಕೆ ಸೇರಿ, ಪೈಪು ಜೋಡಿಸುವ ಹಿರಿಯರ ಪಕ್ಕ ನಿಂತು ಕೈ ಪಳಗಿಸಿಕೊಂಡವನು ಅವನು. ಕಂಟ್ರಾಕ್ಟು ನಿಂತ ಮೇಲೆ ಬೆಳಿಗ್ಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬರುವುದು, ಹೊಸ ಮನೆಗಳ ಬಚ್ಚಲಿಗೆ ನಲ್ಲಿ ಕೂರಿಸುವುದು, ಸಂಜೆ ಬಸ್ಸಿಗೆ ವಾಪಸಾಗುವುದು, ಹೀಗೆ ಅವನ ದಿನ ಸಾಗುತ್ತಿತ್ತು. ಗಾಂಧಿಬಜಾರಿನ ಹಾರ್ಡ್‌ವೇರ್ ಅಂಗಡಿಯ ಮೂರ್ತಪ್ಪ ಅವನನ್ನು ‘ಬೆಂಡ್ ಚಂದ್ರು’ ಎಂದೇ ಕೂಗುತ್ತಿದ್ದರು. ಆ ಹೆಸರು ಅವನಿಗೂ ಇಷ್ಟವಾಗಿತ್ತು.

ಅವನ ಕೆಲಸವೆಲ್ಲ ಇದ್ದದ್ದು ಬೆರಳಲ್ಲಿ. ಬಗ್ಗಿಸುವಾಗ ಪೈಪು ಮೊದಲು ಹಟ ಹಿಡಿಯುತ್ತದೆ. ಒತ್ತುತ್ತಾ ಹೋದರೆ ಒಂದು ಗಳಿಗೆಯಲ್ಲಿ ಒಳಗಿಂದ ಸೋಲುತ್ತದೆ. ಆ ಸೋಲು ಕಣ್ಣಿಗೆ ಕಾಣುವುದಿಲ್ಲ, ಹಿಡಿದ ಕೈಗೆ ಮಾತ್ರ ತಿಳಿಯುತ್ತದೆ. ಅಲ್ಲಿ ಕೈ ತಡೆಯಬೇಕು. ತಡೆಯದಿದ್ದರೆ ಬಾಗಿನ ಒಳಮೈ ಸುಕ್ಕಾಗಿ ಮೇಲಿನ ಕ್ರೋಮಿಯಂ ಮೊಟ್ಟೆಯ ಸಿಪ್ಪೆಯ ಹಾಗೆ ಬಿರಿಯುತ್ತದೆ. ಚಂದ್ರಹಾಸನಿಗೆ ಆ ಗಳಿಗೆ ತಪ್ಪಿದ್ದನ್ನು ಯಾರೂ ನೋಡಿರಲಿಲ್ಲ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಮೂರ್ತಪ್ಪ ಅವನನ್ನು ವಿನೋಬನಗರದ ಚಂದ್ರಶೇಖರಪ್ಪನವರ ಮನೆಗೆ ಕಳಿಸಿದರು. ಚಂದ್ರಶೇಖರಪ್ಪನವರದು ಪಾತ್ರೆ ವ್ಯಾಪಾರ. ಅವರ ತಾಯಿ ಸುಭದ್ರಮ್ಮನಿಗೆ ಬಲಭುಜ ಕಚ್ಚಿಕೊಂಡು ಕೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ತಲೆಗೆ ಒಂದು ಚೊಂಬು ನೀರು ಹುಯ್ದುಕೊಳ್ಳಲೂ ಆಗದೆ ದಿನಾ ಸೊಸೆಯ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳಬೇಕಾಗಿ ಬಂದದ್ದು ಆ ಮುದುಕಿಗೆ ಸಂಕಟ. ಅದಕ್ಕೇ ಬಚ್ಚಲಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಿ, ಕೂತಲ್ಲಿಗೇ ನೆತ್ತಿಯ ಮೇಲೆ ನೀರು ಬೀಳುವಂತೆ ಷವರ್ ಹಾಕಿಸಲು ಹೊರಟಿದ್ದರು. ನೀರಿನ ಪೈಪು ಬಂದದ್ದು ಒಂದು ಗೋಡೆಗೆ, ಕಟ್ಟೆ ಕಟ್ಟಿದ್ದು ಎದುರು ಗೋಡೆಗೆ, ನಡುವೆ ಕಾಂಕ್ರೀಟಿನ ತೊಲೆ. ತೊಲೆಯನ್ನು ಬಳಸಿಕೊಂಡು ಹೋಗುವಷ್ಟು ಉದ್ದದ ಷವರ್ ಪೈಪು ರೆಡಿಮೇಡ್ ಸಿಗುತ್ತಿರಲಿಲ್ಲ.

“ನಡುವೆ ಜಾಯಿಂಟ್ ಬೇಡ,” ಎಂದಳು ಸೊಸೆ ಜಗದಾಂಬಾ. “ಜಾಯಿಂಟ್ ಇದ್ದಲ್ಲೆಲ್ಲ ಸೋರತ್ತೆ, ಹಸಿರು ಕಟ್ಟತ್ತೆ. ಒಂದೇ ಪೈಪಲ್ಲಿ ಆಗತ್ತಾ?”

“ಯಾಕಾಗಲ್ಲ ಅಮ್ಮಾವ್ರೆ. ಹಿತ್ತಾಳೆ ಪೈಪು ತರಿಸಿ, ಮೇಲೆ ಕ್ರೋಮಿಯಂ ಇರೋದು. ನಾನು ಬಗ್ಗಿಸ್ತೀನಿ.”

ಹಾಗೆ ಹೇಳುವಾಗ ಅವನಿಗೆ ಅನುಮಾನವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಲವು ತಿಂಗಳಿಂದ ಬಲಗೈ ಮೊದಲಿನಂತಿರಲಿಲ್ಲ. ಕಿರುಬೆರಳು, ಉಂಗುರಬೆರಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಒಮ್ಮೆ ಬೀಡಿ ಬೆರಳ ಸಂದಿಯವರೆಗೆ ಉರಿದು ಚರ್ಮ ಸುಟ್ಟ ವಾಸನೆ ಬಂದಾಗಲೇ ಅವನು ಅದನ್ನು ಬಿಸಾಕಿದ್ದು. ಮುಂಗೈ ಹತ್ತಿರ ಒಂದು ಮಾಸಲು ಮಚ್ಚೆ, ಎಷ್ಟು ಬಿಸಿಲಲ್ಲಿ ದುಡಿದರೂ ಅಲ್ಲಿ ಬೆವರುತ್ತಿರಲಿಲ್ಲ. ವಾಯು ಇರಬೇಕು, ಸ್ಪಾನರ್ ಹಿಡಿದು ಹಿಡಿದು ನರ ಮರಗಟ್ಟಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಮನೆಯಲ್ಲೂ ತೋಳು ಮಡಚದ ಅಂಗಿಯಲ್ಲೇ ಇರತೊಡಗಿದ್ದ.

ಮೊದಲನೇ ಪೈಪು ಹಾಳಾಯಿತು. ಬಗ್ಗುವಾಗ ಒಳಕ್ಕೆ ಕುಸಿಯದಿರಲೆಂದು ಮರಳು ತುಂಬಿ, ಎರಡೂ ಬಾಯಿಗೆ ಮರದ ಬಿರಡೆ ಜಡಿದು, ಬಟ್ಟೆ ಸುತ್ತಿ, ದುಂಡಗೆ ಕೊರೆದ ಮರದ ಅಚ್ಚಿಗೆ ಒರಗಿಸಿ ಯಾವಾಗಿನ ಹಾಗೇ ಒತ್ತಿದ್ದ. ಪೈಪಿನ ಹಟ ಕೈಗೆ ತಿಳಿಯಿತು, ಸೋಲು ತಿಳಿಯಲಿಲ್ಲ. ‘ಇನ್ನೂ ಇದೆ, ಇನ್ನೂ ಇದೆ’ ಅಂದುಕೊಳ್ಳುವಷ್ಟರಲ್ಲಿ ಲೊಟಕ್ ಎಂದು ಪೈಪು ಮಡಿಚಿಕೊಂಡಿತು. ಬಟ್ಟೆ ಬಿಚ್ಚಿ ನೋಡಿದರೆ ಬಾಗಿನಲ್ಲಿ ಆಳವಾದ ನೆಗ್ಗು, ಅದರ ಸುತ್ತ ಕ್ರೋಮಿಯಂ ಚಕ್ಕೆ ಎದ್ದಿತ್ತು.

“ಪೈಪಲ್ಲೇ ದೋಷ ಇತ್ತು,” ಎಂದ ಮೂರ್ತಪ್ಪನವರ ಹತ್ತಿರ. ಅವರು ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದರು.

“ನಿನ್ನ ಕೈಯಲ್ಲಿ ಹಿಂಗಾಗಿದ್ದು ನಾ ನೋಡಿರ್ಲಿಲ್ಲ ಮಾರಾಯ,” ಎಂದರು. ಬೇಸರ ಮಾಡಿಕೊಳ್ಳದೆ ಒಳಗಿಂದ ಇನ್ನೊಂದನ್ನು ತಂದರು. “ಈ ಉದ್ದದ್ದು ಇರೋದು ಇದೊಂದೇ. ಬೆಂಗಳೂರಿಂದ ಮತ್ತೆ ಬರೋದು ಯಾವಾಗ್ಲೋ. ಜೋಪಾನ.”

ಮಾರನೆಯ ದಿನ ಚಂದ್ರಹಾಸ ಚಂದ್ರಶೇಖರಪ್ಪನವರ ಹಿತ್ತಲಲ್ಲಿ ಸೀಮೆಎಣ್ಣೆ ಸ್ಟೋವ್ ಹಚ್ಚಿ, ಹಳೆಯ ಬಾಣಲೆಯಲ್ಲಿ ಮರಳು ಹುರಿಯಲು ಕೂತ. ಮರಳಿನಲ್ಲಿ ತೇವ ಉಳಿದರೆ ಒತ್ತಾಗಿ ಕೂರುವುದಿಲ್ಲ. ಮೊದಲ ಪೈಪು ಹಾಳಾದದ್ದು ಅದರಿಂದಲೇ ಇರಬೇಕು ಎಂದು ಅವನು ಆಸೆಪಟ್ಟಿದ್ದ. ಹುರಿದ ಮೇಲೆ ಆರಲು ಬಿಡಬೇಕಿತ್ತು. ಬಿಡುವ ವ್ಯವಧಾನ ಅವನಿಗಿರಲಿಲ್ಲ. ಆದಷ್ಟು ಬೇಗ ಒಂದು ಒಳ್ಳೆಯ ಬಾಗು ತೆಗೆದು, ಕೈಗೆ ಏನೂ ಆಗಿಲ್ಲ ಎಂದು ತನಗೇ ತೋರಿಸಿಕೊಳ್ಳಬೇಕಿತ್ತು. ಬಿಸಿ ಮರಳನ್ನೇ ಪೈಪಿಗೆ ಹುಯ್ದು, ಬಲಗೈಯಲ್ಲಿ ಪೈಪನ್ನು ನೆಟ್ಟಗೆ ಹಿಡಿದು, ಎಡಗೈಯಲ್ಲಿ ಮರದ ಸುತ್ತಿಗೆಯಿಂದ ತಟ್ಟುತ್ತಾ ಮರಳನ್ನು ಕೂರಿಸತೊಡಗಿದ.

ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಸುಭದ್ರಮ್ಮ ಕೂತಿದ್ದರು. ಅವರಿಗೆ ಈ ಕೆಲಸ ನೋಡುವುದೆಂದರೆ ಖುಷಿ.

“ಎಷ್ಟು ಚಂದ ಹೊಳೀತದಪ್ಪ, ಮುಖ ಕಾಣ್ತದೆ,” ಎನ್ನುತ್ತಾ ಮೆಲ್ಲಗೆ ಎದ್ದುಬಂದು ಎಡಗೈ ಚಾಚಿ ಪೈಪನ್ನು ಮುಟ್ಟಿದರು. ಮುಟ್ಟಿದವರೇ ಕೈ ಹಿಂದೆಳೆದುಕೊಂಡು ಬೆರಳನ್ನು ಬಾಯಿಗಿಟ್ಟುಕೊಂಡರು.

“ಕೆಂಡ ಆಗಿದೆಯಲ್ಲೋ. ನೀನು ಹ್ಯಾಗೆ ಹಿಡ್ಕೊಂಡಿದೀಯ?”

ಚಂದ್ರಹಾಸ ತನ್ನ ಕೈ ನೋಡಿದ. ಹಿಡಿ ಬಿಚ್ಚಲು ಹೋದರೆ ಬಿಚ್ಚಿಕೊಳ್ಳಲಿಲ್ಲ, ಚರ್ಮ ಪೈಪಿಗೆ ಅಂಟಿತ್ತು. ಕಿತ್ತುಕೊಂಡಾಗ ಅಂಗೈಯ ಹೊರಬದಿ, ಎರಡು ಬೆರಳುಗಳ ಬುಡ, ಎಲ್ಲ ಬೆಳ್ಳಗೆ ಬೆಂದು ಒಂದು ಪದರ ಪೈಪಿನ ಮೇಲೇ ಉಳಿಯಿತು. ನೋವಿಗಾಗಿ ಅವನು ಕಾದ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದ. ಬರಲಿಲ್ಲ.

“ಅಭ್ಯಾಸ ಅಜ್ಜಿ, ಏನಾಗಲ್ಲ,” ಎಂದ. ಸುಭದ್ರಮ್ಮ ಅವನ ಮುಖವನ್ನೇ ನೋಡುತ್ತಾ ನಿಂತರು. ಆ ನೋಟವನ್ನು ತಡೆಯಲಾಗದೆ ಅವನು ಪೈಪಿನ ಬಾಯಿಗೆ ಬಿರಡೆ ತುರುಕಿ ಗೋಡೆಗೊರಗಿಸಿ, ಕೈಗೆ ಚಿಂದಿ ಸುತ್ತಿಕೊಂಡು, “ಒಂದು ಸಾಮಾನು ತರ್ಬೇಕಿತ್ತು, ಬರ್ತೀನಿ,” ಎಂದು ಹೊರಟುಬಿಟ್ಟ. ಸ್ಟೋವ್ ಉರಿಯುತ್ತಲೇ ಇತ್ತು. ಹತಾರಗಳೆಲ್ಲ ಅಲ್ಲೇ ಬಿದ್ದಿದ್ದವು.

ಭದ್ರಾವತಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ. ಊರು ದಾಟುವಲ್ಲಿ ಒಂದು ಕಾಂಪೌಂಡಿನ ಮೇಲೆ ಹಳದಿ ಬಣ್ಣದಲ್ಲಿ ಆರೋಗ್ಯ ಇಲಾಖೆಯವರ ಬರಹವಿತ್ತು. ವರ್ಷಗಳಿಂದ ದಿನಾ ನೋಡಿಯೂ ಓದದೆ ಬಿಟ್ಟದ್ದು ಅದು. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕುಷ್ಠರೋಗವಿರಬಹುದು ಎಂದು ಶುರುವಾಗುತ್ತಿತ್ತು. ಗುಣಪಡಿಸಬಹುದು ಎಂಬ ಎರಡನೆಯ ಸಾಲು ಬರುವಷ್ಟರಲ್ಲಿ ಅವನು ಮುಖ ತಿರುಗಿಸಿಕೊಂಡಿದ್ದ.

ಅವನಿಗೆ ಮಂಜಪ್ಪ ನೆನಪಾದ. ಸೋಗಾನೆ ಹತ್ತಿರದ ಹಳ್ಳಿ ಚಂದ್ರಹಾಸನ ತಾಯಿಯ ತವರು. ಚಿಕ್ಕಂದಿನಲ್ಲಿ ರಜೆಗೆ ಹೋದಾಗ ಊರಾಚೆಯ ಗುಡಿಸಲಲ್ಲಿ ಮಂಜಪ್ಪ ಎಂಬವನಿದ್ದ. ದೊಡ್ಡರೋಗದವನು, ಆ ಕಡೆ ಹೋಗಬೇಡಿ ಎನ್ನುತ್ತಿದ್ದರು. ಅವನ ಹೆಂಡತಿ ಊರೊಳಗೇ ಇದ್ದಳು. ಒಂದು ಕಲ್ಲಿನ ಮೇಲೆ ಗಂಜಿ ಇಟ್ಟು, ಕೂಗಿ, ಅವನು ಬರುವ ಮೊದಲೇ ತಿರುಗಿ ಹೋಗುತ್ತಿದ್ದಳು. ಮುಂದಿನ ವರ್ಷ ಹೋದಾಗ ಗುಡಿಸಲು ಬಿದ್ದಿತ್ತು. ಮಂಜಪ್ಪ ಏನಾದ ಎಂದು ಯಾರೂ ಕೇಳಲಿಲ್ಲ, ಚಂದ್ರಹಾಸನೂ ಕೇಳಲಿಲ್ಲ.

ಜನ್ನಾಪುರಕ್ಕೆ ಹೋಗುವ ಬದಲು ಸೇತುವೆಯ ಹತ್ತಿರ ಇಳಿದ. ಕಂಬಿ ಹಿಡಿದು ಭದ್ರೆಯ ನೀರು ನೋಡುತ್ತಾ ನಿಂತ. ಬೇಸಿಗೆಯ ನೀರು, ಬಂಡೆಗಳ ನಡುವೆ ಹರಿಯುತ್ತಿತ್ತು. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಇಷ್ಟು ಜನರ ಎದುರು ಸಾಯಲೂ ನಾಚಿಕೆ ಎನಿಸಿತು. ಆ ಯೋಚನೆ ಎಷ್ಟು ಸುಲಭವಾಗಿ ಬಂತೆಂದು ಹೆದರಿ ಅವನು ಕಂಬಿ ಬಿಟ್ಟು ಮನೆಯ ಕಡೆ ನಡೆದ.

ಮನೆಯಲ್ಲಿ ಹೆಂಡತಿ ಶೀಲಾ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ್ದ ಮಗಳು ಇಂಪನಾ, ತಾಯಿ ಹಾಲಮ್ಮ. ಶೀಲಾ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಿದ್ದಳು. ಕೈಗೇನಾಯಿತು ಎಂದವಳಿಗೆ ಸ್ಟೋವ್ ತಾಗಿತು ಎಂದ. ತಾಯಿ ಅರಿಶಿನ ಹಚ್ಚಲು ಬಂದರೆ ಹಿಂದೆ ಸರಿದ.

ಅವತ್ತಿನಿಂದ ಅವನು ಕೆಲಸಕ್ಕೆ ಹೋಗಲಿಲ್ಲ. ಒಂದು ಲೋಟ, ಒಂದು ತಟ್ಟೆ ಬೇರೆ ತೆಗೆದಿಟ್ಟುಕೊಂಡ. ಸೆಕೆ ಎಂದು ಹೇಳಿ ಹಾಸಿಗೆಯನ್ನು ಜಗಲಿಗೆ ಒಯ್ದ. ಇಂಪನಾ ಪಕ್ಕ ಬಂದು ಕೂತರೆ ಗದರಿ ಎಬ್ಬಿಸಿದ. ಮಗಳು ಕಣ್ಣೀರು ಹಾಕಿಕೊಂಡು ಒಳಗೆ ಹೋದದ್ದು ಕಂಡು ಅವನಿಗೆ ಎದೆ ಹಿಂಡಿದಂತಾಯಿತು. ಆದರೆ ಅವಳ ಕೈಗೆ ಇಂಥ ಮಚ್ಚೆ ಬಂದರೆ ಎಂಬ ಯೋಚನೆ ಅದಕ್ಕಿಂತ ಹೆಚ್ಚು ಹಿಂಡುತ್ತಿತ್ತು. ಹುಣ್ಣಿನಲ್ಲಿ ಕೀವಾಯಿತು. ನೋವಿಲ್ಲದ ಹುಣ್ಣನ್ನು ಗಳಿಗೆಗೊಮ್ಮೆ ಬಿಚ್ಚಿ ನೋಡುತ್ತಾ, ಅದುಮಿ ಅದುಮಿ ನೋಡುತ್ತಾ ಕೂರುತ್ತಿದ್ದ, ಒಂದು ಸಲವಾದರೂ ನೊಂದೀತು ಎಂದು.

ಶೀಲಾ ಮೊದಲು ಕೇಳಿದಳು, ಆಮೇಲೆ ಜಗಳವಾಡಿದಳು, ಆಮೇಲೆ ಸುಮ್ಮನಾದಳು. ಒಂದು ಬೆಳಿಗ್ಗೆ, “ನಿಮ್ಮ ಹತಾರ ಎಲ್ಲಿ? ಎಲ್ಲಿ ಬಿಟ್ಟು ಬಂದ್ರಿ?” ಎಂದಳು. ಅವನು ಗೋಡೆಯ ಕಡೆ ಹೊರಳಿಕೊಂಡ. ಅವಳೇ ಸೀರೆ ಬದಲಾಯಿಸಿ ಮೂರ್ತಪ್ಪನವರ ಅಂಗಡಿಗೆ ಹೋಗಿ, ಅಲ್ಲಿಂದ ವಿಳಾಸ ತಿಳಿದು, ವಿನೋಬನಗರಕ್ಕೆ ಹೋದಳು.

ಅವಳು ಅತ್ತ ಹೋದದ್ದೇ ಚಂದ್ರಹಾಸ ಎದ್ದ. ಇವತ್ತು ಹೋಗದಿದ್ದರೆ ಇನ್ನು ಹೋಗಲಾಗುವುದಿಲ್ಲ ಅನ್ನಿಸಿತು. ಎರಡು ಜೊತೆ ಬಟ್ಟೆ ಬ್ಯಾಗಿಗೆ ತುಂಬಿದ. ಎಲ್ಲಿಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಯಾವುದಾದರೂ ಊರು, ಹೆಸರು ಕೇಳದ ಜನ. ಗಂಡ ಬಿಟ್ಟುಹೋದ ಎಂದರೆ ಶೀಲಾಳನ್ನು ನಾಲ್ಕು ಜನ ಅಯ್ಯೋ ಅಂದಾರು, ಗಂಡನಿಗೆ ದೊಡ್ಡರೋಗ ಎಂದರೆ ಅವಳು ಹೊಲಿದ ಬ್ಲೌಸನ್ನು ಯಾರು ಹಾಕಿಕೊಂಡಾರು? ಇಂಪನಾಳನ್ನು ಯಾರು ಮನೆಗೆ ತುಂಬಿಸಿಕೊಂಡಾರು? ಹಾಲಮ್ಮ ಹಿತ್ತಲಲ್ಲಿದ್ದಳು. ತಾಯಿಗೆ ಏನು ಹೇಳಬೇಕೆಂದು ಹೊಳೆಯದೆ, ಜಗಲಿಯಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತ.

ಅಷ್ಟರಲ್ಲಿ ಶೀಲಾ ಬಂದಳು. ಒಂದು ಕೈಯಲ್ಲಿ ಹತಾರದ ಚೀಲ, ಇನ್ನೊಂದು ಕೈಯಲ್ಲಿ ಹಳೆ ಸೀರೆಯಲ್ಲಿ ಸುತ್ತಿದ ಉದ್ದನೆಯ ಪೈಪು. ಅವನ ತೊಡೆಯ ಮೇಲಿನ ಬ್ಯಾಗನ್ನು ನೋಡಿದಳು. ತನ್ನ ಹೊರೆ ಇಳಿಸಿದಳು.

“ಪೈಪು ಯಾಕೆ ತಂದೆ? ಅದು ಅವರದ್ದು.”

“ಅವರಿಗೆ ಬೇಡ್ವಂತೆ. ತಗೊಂಡು ಹೋಗಿಬಿಡಿ ಅಂದ್ರು ಆ ಮನೆ ಸೊಸೆ. ಗೇಟಿನ ಆಚೆ ಇಟ್ಟು, ತಗೊಳ್ಳಿ ಅಂದ್ರು.” ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. “ನೀವು ಕೆಂಡದಂಥ ಪೈಪು ಹಿಡ್ಕೊಂಡು ಕೂತಿದ್ದನ್ನ ಅಜ್ಜಿ ಹೇಳಿದ್ರು. ಒಳಗೆ ಬನ್ನಿ.”

ಅವನು ಕೂತಲ್ಲೇ ಕೂತಿದ್ದ. ಅವಳು ಅವನ ಎಡಗೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಿ, ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕೂರಿಸಿ, ಬಲದೋಳಿನ ಅಂಗಿ ಮೇಲಕ್ಕೇರಿಸಿದಳು. ಮಚ್ಚೆಯನ್ನು ನೋಡಿದಳು.

“ಹೋದ ವರ್ಷ ಆರೋಗ್ಯದವ್ರು ಇಂಥ ಮಚ್ಚೆಯ ಚಿತ್ರ ಹಿಡ್ಕೊಂಡು ಮನೆ ಮನೆಗೆ ಬಂದಿದ್ರು. ನಮ್ಮನೇಲಿ ಯಾರಿಗೂ ಇಲ್ಲ ಅಂದು ನಾನೇ ಕಳಿಸಿದ್ದೆ. ಕಣ್ಣು ಮುಚ್ಕೊಳ್ಳಿ.”

“ಬೇಡ ಶೀಲಾ.”

“ಮುಚ್ಕೊಳ್ಳಿ. ನಾನು ಎಲ್ಲಿ ಮುಟ್ತೀನೋ ಅಲ್ಲಿ ಬೆರಳಿಟ್ಟು ತೋರಿಸಿ.”

ಅವನು ಕಣ್ಣು ಮುಚ್ಚಿದ. ಎಡದೋಳಿನ ಮೇಲೆ ದಾರದ ತುದಿ ಓಡಾಡಿತು, ಕಚಗುಳಿಯಾಯಿತು, ತೋರಿಸಿದ. ಬಲದೋಳಿನ ಮೇಲ್ಭಾಗದಲ್ಲಿ ಮುಟ್ಟಿದಳು, ಅದನ್ನೂ ತೋರಿಸಿದ. ಆಮೇಲೆ ಅವಳು ಮುಟ್ಟಲಿಲ್ಲ. ಅವನು ಕಾದ. ಹೊರಗೆ ಯಾವುದೋ ಸೈಕಲ್ಲಿನ ಬೆಲ್ಲು ಕೇಳಿ ನಿಂತಿತು.

“ಮುಟ್ಟು ಮತ್ತೆ,” ಎಂದ.

ಕಣ್ಣು ತೆರೆದು ನೋಡಿದರೆ ಅವಳ ಕೈಯಲ್ಲಿ ದಾರವಿರಲಿಲ್ಲ, ಸೂಜಿಯಿತ್ತು. ಮಚ್ಚೆಯ ಮೇಲೂ ಕಿರುಬೆರಳಿನ ಮೇಲೂ ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಮೂಡಿದ್ದವು. ಅವಳು ಸೂಜಿಯನ್ನು ಮಿಷನ್ನಿನ ಮೇಲಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡಳು. ಅವನಿಗೆ ತನ್ನ ಕೈಗಿಂತ ಅವಳ ಆ ಅಳುವನ್ನು ನೋಡುವುದೇ ಕಷ್ಟವಾಯಿತು.

“ನಾನು ಎಲ್ಲಾದ್ರೂ ಹೋಗ್ತೀನಿ,” ಎಂದ. “ನೀವು ಮೂರು ಜನ ಚೆನ್ನಾಗಿರಿ. ಯಾರಿಗೂ ಗೊತ್ತಾಗಲ್ಲ.”

“ಹೋಗಿ ಎಲ್ಲಿ ಸಾಯ್ತೀರ?” ಅವಳ ದನಿಯಲ್ಲಿ ಸಿಟ್ಟೇ ಹೆಚ್ಚಾಗಿತ್ತು. “ಇಷ್ಟು ದಿನ ಒಬ್ಬರೇ ಇದನ್ನ ಎದೇಲಿಟ್ಕೊಂಡು ಕೂತಿದ್ರಲ್ಲ, ನಾನು ಏನು ಅಂತ ತಿಳ್ಕೊಂಡಿದ್ರಿ? ನಿಮಗೆ ಬೇರೆ ಯಾವಳೋ ಇದಾಳೆ ಅಂತ ನಾನು ರಾತ್ರಿಯೆಲ್ಲ ಅತ್ತಿದೀನಿ. ನಾಳೆ ಆಸ್ಪತ್ರೆಗೆ ಹೋಗೋಣ. ಅಲ್ಲಿ ಏನಂತಾರೋ ಕೇಳ್ಕೊಂಡು, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ.”

ಶಿವಮೊಗ್ಗದ ಸರ್ಕಾರಿ ಆಸ್ಪತ್ರೆಯಲ್ಲಿ ಅವರನ್ನು ನೋಡಿದ ಡಾಕ್ಟರಮ್ಮನ ಹೆಸರು ವೇದಾವತಿ. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಅವನ ಬಲಗೈಯನ್ನು ತಮ್ಮೆರಡೂ ಕೈಯಲ್ಲಿ ಹಿಡಿದು, ಮೊಣಕೈ ಹಿಂದಿನ ನರವನ್ನು ಬೆರಳಿನಿಂದ ತಡವಿ ನೋಡಿದರು. ಮಚ್ಚೆ ಕಂಡ ಮೇಲೆ ಶೀಲಾಳನ್ನು ಬಿಟ್ಟು ಅವನ ಆ ಕೈಯನ್ನು ಹಾಗೆ ಹಿಡಿದವರು ಇವರೇ. ಅವನು ತಲೆ ತಗ್ಗಿಸಿಯೇ ಕೂತಿದ್ದ.

“ಕುಷ್ಠವೇ,” ಎಂದರು ಅವರು. “ಹೆದರ್ಬೇಡಿ. ಮಾತ್ರೆ ಇದೆ, ಇಲ್ಲೇ ಕೊಡ್ತೀವಿ, ಒಂದು ವರ್ಷ ಬಿಡದೆ ತಗೋಬೇಕು. ಮಾತ್ರೆ ಶುರುವಾದ ಮೇಲೆ ನಿಮ್ಮಿಂದ ಯಾರಿಗೂ ಅಂಟಲ್ಲ. ಹೆಂಡತಿ ಮಕ್ಕಳ ಜೊತೇಲೇ ಊಟ ಮಾಡಿ, ಜೊತೇಲೇ ಇರಿ. ಮನೆಯವರನ್ನೆಲ್ಲ ಒಂದು ಸಲ ಕರ್ಕೊಂಡು ಬನ್ನಿ, ಅವರನ್ನೂ ನೋಡ್ತೀನಿ.”

ಶೀಲಾ ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. ಅವನಿಗೆ ಕೇಳಬೇಕಾದದ್ದು ಬೇರೆ ಇತ್ತು.

“ಕೈಗೆ ಮೊದಲಿನ ಹಾಗೆ ಗೊತ್ತಾಗತ್ತಾ ಮೇಡಂ?”

ಡಾಕ್ಟರಮ್ಮ ಅವನ ಮೊಣಕೈಯನ್ನು ಇನ್ನೊಮ್ಮೆ ತಡವಿದರು. “ನರ ಊದಿದೆ, ಅದಕ್ಕೂ ಔಷಧಿ ಕೊಡ್ತೀನಿ. ಬೆರಳು ಸ್ವಲ್ಪ ನೆಟ್ಟಗಾಗ್ಬೋದು. ಗೊತ್ತಾಗೋದು ಮಾತ್ರ... ಹೇಳಕ್ಕಾಗಲ್ಲ. ಬೇಗ ಬಂದಿದ್ರೆ ಚೆನ್ನಾಗಿತ್ತು. ಇನ್ಮೇಲೆ ಬಿಸಿ, ಚೂಪು ಯಾವುದನ್ನೂ ಕಣ್ಣಲ್ಲಿ ನೋಡದೆ ಮುಟ್ಬೇಡಿ.”

“ನನ್ನ ಕೆಲಸ ಇರೋದೇ ಬೆರಳಲ್ಲಿ ಮೇಡಂ,” ಎಂದ. ಅವರು ಹುಣ್ಣನ್ನು ತೊಳೆದು ಕಟ್ಟು ಹಾಕಿ, ಮೊದಲ ಮಾತ್ರೆಗಳನ್ನು ತಮ್ಮೆದುರೇ ನುಂಗಿಸಿದರು.

ಮನೆಗೆ ಬಂದು ಶೀಲಾ ಅತ್ತೆಗೂ ಮಗಳಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇಂಪನಾ ಅಪ್ಪನ ಕಟ್ಟು ಹಾಕಿದ ಕೈಯನ್ನು ಹಿಡಿದುಕೊಂಡು ಕೂತುಬಿಟ್ಟಳು. ಹಾಲಮ್ಮ ಗೋಡೆಗೆ ತಲೆ ಚಚ್ಚಿಕೊಂಡಳು. ಸಂಜೆ ಮಗನ ತಟ್ಟೆಯನ್ನು ಎತ್ತಿ ಜಗಲಿಯ ಮೇಲಿಟ್ಟವಳೂ ಅವಳೇ. ಮಗನ ಮೇಲೆ ಪ್ರೀತಿಯಿಲ್ಲದೆ ಅಲ್ಲ, ಅವಳು ನೋಡಿಕೊಂಡು ಬಂದ ಲೋಕ ಅದೊಂದೇ ಆಗಿತ್ತು. ಶೀಲಾ ಜಗಳ ಮಾಡದೆ ತಟ್ಟೆಯನ್ನು ಒಳಗೆ ತಂದು ತನ್ನದರ ಪಕ್ಕ ಇಟ್ಟಳು. ಮಾರನೆಯ ದಿನ ಮತ್ತೆ ಜಗಲಿಗೆ ಹೋಯಿತು, ಮತ್ತೆ ಒಳಗೆ ಬಂತು. ವೇದಾವತಿಯವರು ಹಾಲಮ್ಮನನ್ನೂ ಕೂರಿಸಿಕೊಂಡು ಪರೀಕ್ಷೆ ಮಾಡಿ, ಮೂವರಿಗೂ ಏನೂ ಇಲ್ಲ ಎಂದು ಹೇಳಿದ ಮೇಲೂ ಆ ಎಳೆದಾಟ ಕೆಲವು ದಿನ ನಡೆಯಿತು.

ಚಂದ್ರಹಾಸನ ಮನಸ್ಸು ಮಾತ್ರ ಏಳಲಿಲ್ಲ. ಬದುಕುತ್ತೀಯ ಎಂದಿದ್ದರು, ಯಾವ ಕೈಯಿಂದ ಎಂದು ಹೇಳಿರಲಿಲ್ಲ. ಆ ಪೈಪು ಮೂಲೆಯಲ್ಲಿ ಸೀರೆ ಸುತ್ತಿಕೊಂಡು ನಿಂತಿತ್ತು, ಒಳಗೆ ಮರಳು ಹಾಗೇ ಇತ್ತು. ಅವನು ಅದಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದ. “ಎಲ್ಲಾದ್ರೂ ಬಿಸಾಕು ಅದನ್ನ,” ಎಂದ ಒಂದು ಮಧ್ಯಾಹ್ನ.

ಶೀಲಾ ಸೀರೆ ಬಿಚ್ಚಿದಳು. ಒದ್ದೆ ಬಟ್ಟೆಯಲ್ಲಿ ಪೈಪನ್ನು ಒರೆಸಿ ಒರೆಸಿ ಕಲೆ ತೆಗೆದಳು. “ಬಗ್ಗಿಸೋದು ಹೇಗೆ, ನನಗೆ ಹೇಳಿ,” ಎಂದಳು.

“ನಿನಗೆ ಹುಚ್ಚಾ?”

“ನಿಮ್ಮ ಕೈಗೆ ಗೊತ್ತಾಗಲ್ಲ, ನನ್ನ ಕೈಗೆ ಗೊತ್ತಾಗತ್ತಲ್ಲ. ಆ ಅಜ್ಜಿ ಕೈ ಎತ್ತಕ್ಕಾಗದೆ ಕೂತಿರೋದನ್ನ ನಾನು ನೋಡಿ ಬಂದಿದೀನಿ. ಹೇಳಿ.”

ಹಿತ್ತಲಿನ ಒಗೆಯುವ ಕಲ್ಲಿಗೆ ಮರದ ಅಚ್ಚನ್ನು ಬಿಗಿದರು. ಅವನು ಬಿರಡೆಗಳನ್ನು ನೋಡಿ, ಮರಳು ಗಟ್ಟಿಯಾಗಿ ಕೂತಿದೆಯೇ ಎಂದು ಪೈಪಿಗೆ ಕಿವಿಯಿಟ್ಟು ತಟ್ಟಿ ಪರೀಕ್ಷಿಸಿದ. ಅವಳ ಕೈಯನ್ನು ಸರಿಯಾದ ಜಾಗದಲ್ಲಿ ಇರಿಸಿದ. ಸೋಲನ್ನು ಅರಿಯುವ ಪಳಗಿಕೆ ತನ್ನ ಎಡಗೈಗೆ ಇರಲಿಲ್ಲ, ಅದರಿಂದ ಪೈಪಿನ ತುದಿಗೆ ಬರೀ ಭಾರ ಹಾಕಿದ.

“ಹೇಗಿದೆ?”

“ಕಲ್ಲಿನ ಹಾಗಿದೆ.”

“ಬಿಡಬೇಡ. ಕೈ ಅಲ್ಲೇ ಇರಲಿ. ಈಗ?”

“ಗಟ್ಟಿನೇ ಇದೆ.”

ಅವನಿಗೆ ಅವಳ ಮುಖ ಮಾತ್ರ ಕಾಣುತ್ತಿತ್ತು. ತಾನು ಇಷ್ಟು ವರ್ಷ ಒಳಗೊಳಗೇ ಕೇಳಿಸಿಕೊಳ್ಳುತ್ತಿದ್ದದ್ದನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾಗಿ ಬಂದಿತ್ತು. ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ.

“ರೀ, ಏನೋ ಮೆತ್ತಗಾಯ್ತು,” ಎಂದಳು ಅವಳು ಸಟ್ಟನೆ.

“ನಿಲ್ಲಿಸು.”

ಹಾಗೆ ಸ್ವಲ್ಪ ಸ್ವಲ್ಪವೇ, ಒತ್ತುತ್ತಾ ನಿಲ್ಲಿಸುತ್ತಾ, ಬಿಸಿಲು ಇಳಿಯುವ ಹೊತ್ತಿಗೆ ಬಾಗು ಬಂತು. ಮೊದಲಿನ ಅವನ ಕೆಲಸದಷ್ಟು ನಯವಾಗಿರಲಿಲ್ಲ. ಒಳಬದಿಯಲ್ಲಿ ಒಂದು ಸಣ್ಣ ಸುಕ್ಕು ಉಳಿದಿತ್ತು. ಆದರೆ ಪೈಪು ಮಡಿಚಿರಲಿಲ್ಲ, ಕ್ರೋಮಿಯಂ ಬಿರಿದಿರಲಿಲ್ಲ.

ಎರಡು ದಿನ ಬಿಟ್ಟು ಗಂಡಹೆಂಡತಿ ಇಬ್ಬರೂ ಅದನ್ನು ವಿನೋಬನಗರಕ್ಕೆ ಒಯ್ದರು. ಗೇಟಿನ ಹತ್ತಿರ ಜಗದಾಂಬಾ ಎದುರಾದಳು. ಚಂದ್ರಹಾಸ ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

“ನನಗೆ ಕುಷ್ಠ ಇದೆ ಅಮ್ಮಾವ್ರೆ,” ಎಂದ. “ಆಸ್ಪತ್ರೆಯ ಮಾತ್ರೆ ತಗೋತಿದೀನಿ. ಯಾರಿಗೂ ಅಂಟಲ್ಲ ಅಂದಿದಾರೆ. ನಿಮ್ಮ ಪೈಪು ಬಗ್ಗಿಸಿ ತಂದಿದೀವಿ. ನಾನು ಕೂರಿಸೋದು ಬೇಡ ಅಂದ್ರೆ ಇಟ್ಟು ಹೋಗ್ತೀನಿ.”

ಜಗದಾಂಬಾ ಒಂದು ಹೆಜ್ಜೆ ಹಿಂದೆ ಸರಿದಳು. ಕೆಟ್ಟವಳಲ್ಲ, ಹೆದರಿದ್ದಳು. “ಇವರು ಅಂಗಡಿಗೆ ಹೋಗಿದಾರೆ,” ಎಂದಳು. “ಅಲ್ಲೇ ಗೋಡೆಗೆ ಒರಗಿಸಿಡಿ. ಬೇರೆಯವರಿಗೆ ಹೇಳಾಗಿದೆ.”

ಅವನು ಒರಗಿಸಲು ಬಾಗಿದ. ಅಷ್ಟರಲ್ಲಿ ಒಳಗಿಂದ ಸುಭದ್ರಮ್ಮ ಬಂದರು. ಸೊಸೆಯನ್ನು ದಾಟಿ ನೇರ ಗೇಟಿಗೆ ಬಂದು, “ಕೊಡಪ್ಪ ಇಲ್ಲಿ,” ಎನ್ನುತ್ತಾ ಎಡಗೈಯೊಂದರಲ್ಲೇ ಪೈಪಿನ ನಡುವನ್ನು ಹಿಡಿದು ಎಳೆದುಕೊಂಡರು. ಉದ್ದನೆಯ ಪೈಪು, ಒಂದು ಕೈಗೆ ದಕ್ಕಲಿಲ್ಲ. ಭಾರಕ್ಕೆ ಮುದುಕಿ ವಾಲಿದರು. ಬಲಗೈ ಎತ್ತಲು ಹೋಗಿ ನೋವಿಗೆ ಮುಖ ಕಿವುಚಿದರು. ಜಗದಾಂಬಾ ಓಡಿಬಂದು ಒಂದು ಕೈಯಲ್ಲಿ ಅತ್ತೆಯನ್ನು ಹಿಡಿದು, ಇನ್ನೊಂದರಲ್ಲಿ ಪೈಪಿನ ತುದಿ ಹಿಡಿದಳು. ಆಚೆ ತುದಿ ಚಂದ್ರಹಾಸನ ಕೈಯಲ್ಲೇ ಇತ್ತು. ಗೇಟಿನ ನಡುವೆ ಮೂವರೂ ಹಾಗೇ ನಿಂತರು. ಬಿಟ್ಟರೆ ಬೀಳುತ್ತಿತ್ತು.

ಜಗದಾಂಬಾ ಅವನ ಕಟ್ಟು ಹಾಕಿದ ಕೈಯನ್ನು ನೋಡಿದಳು, ಶೀಲಾಳನ್ನು ನೋಡಿದಳು.

“ಒಳಗೆ ತನ್ನಿ,” ಎಂದಳು ಸಣ್ಣ ದನಿಯಲ್ಲಿ.

ಷವರ್ ಕೂರಿಸಲು ಮಧ್ಯಾಹ್ನದವರೆಗೆ ಹಿಡಿಯಿತು. ಸ್ಪಾನರ್ ಎಷ್ಟು ಬಿಗಿಯಾಯಿತು ಎಂಬುದು ಕೈಗೆ ತಿಳಿಯದೆ, ಪ್ರತಿ ಸುತ್ತಿಗೂ ಅವನು ಬಗ್ಗಿ ಕಣ್ಣಿನಿಂದ ನೋಡಬೇಕಾಗುತ್ತಿತ್ತು. ಶೀಲಾ ಪೈಪು ಎತ್ತಿ ಹಿಡಿದಳು. ತೊಲೆಯನ್ನು ಬಳಸಿಕೊಂಡು ಬಂದ ಪೈಪು ಕಟ್ಟೆಯ ನೆತ್ತಿಗೆ ಸರಿಯಾಗಿ ನಿಂತಿತು. ನಲ್ಲಿ ತಿರುಗಿಸಿದಾಗ ನೀರು ಮೊದಲು ಕೆಮ್ಮಿ, ಒಂದಿಷ್ಟು ಮರಳು ಉಗುಳಿ, ಆಮೇಲೆ ತಿಳಿಯಾಗಿ ಸುರಿಯಿತು. ಸುಭದ್ರಮ್ಮ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಹಿಂತಿರುಗುವಾಗ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಚಂದ್ರಹಾಸ ಇದ್ದಕ್ಕಿದ್ದಂತೆ ಅತ್ತ. ಜನ ನೋಡುತ್ತಿದ್ದರು. ಶೀಲಾ ಅವನನ್ನು ಸುಮ್ಮನಿರಿಸಲು ಹೋಗಲಿಲ್ಲ, ಹತಾರದ ಚೀಲವನ್ನು ಕಾಲಿಗೊತ್ತಿಕೊಂಡು ಪಕ್ಕದಲ್ಲೇ ಕೂತಿದ್ದಳು. ಭದ್ರಾವತಿಯ ಒಂದು ಬಸ್ಸು ತುಂಬಿ ಹೋಯಿತು. ಮುಂದಿನದಕ್ಕೆ ಹತ್ತಿದರು.

ಆ ವರ್ಷ ಮಾತ್ರೆಯಿಂದ ಅವನ ಮೈ ಕಪ್ಪಿಟ್ಟಿತು. ಏನಾಯಿತು ಎಂದು ಜನ್ನಾಪುರದಲ್ಲಿ ಕೆಲವರು ಕೇಳಿದರು, ಕೆಲವರು ಕೇಳದೆಯೇ ಶೀಲಾಳಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಬೇರೆ ಕೆಲವರು ಕೊಡುತ್ತಲೇ ಹೋದರು. ಮಾತ್ರೆಯನ್ನು ಅವನು ಒಂದು ದಿನವೂ ಬಿಡಲಿಲ್ಲ. ರೋಗ ಹೋಯಿತು. ಬೆರಳುಗಳು ಅರ್ಧ ನೆಟ್ಟಗಾದವು, ಸ್ಪರ್ಶ ಬರಲಿಲ್ಲ. ಮೂರ್ತಪ್ಪನವರಿಗೆ ಅವನೇ ಹೋಗಿ ವಿಷಯ ಹೇಳಿದಾಗ ಅವರು, “ಬಗ್ಗಿಸೋ ಕೆಲಸ ಬಂದ್ರೆ ಪೈಪು ನಿಮ್ಮನೆಗೇ ಕಳಿಸ್ತೀನಿ,” ಎಂದರು. ಕಳಿಸಿದ್ದು ಅಪರೂಪಕ್ಕೆ. ಬಂದಾಗ ಶೀಲಾ ಮಿಷನ್ ನಿಲ್ಲಿಸಿ ಹಿತ್ತಲಿಗೆ ಬರುತ್ತಿದ್ದಳು.